ನಿಮ್ಮಮ್ಮ ಎದ್ದು ನಿಂತದ್ದು

೯ನೇ ತಾರೀಖು, ಸೋಮವಾರ

ಮುದ್ದು ಗುಬ್ಬಿ,

ನಾನು ಚೆನ್ನಾಗಿದ್ದೇನೆ. ಉತ್ತರ ತಡವಾಯಿತು, ಬೈಯಬೇಡ. ಪೆನ್ನು ಹಿಡಿದಾಗಲೆಲ್ಲ ಮೈ ಉರಿಯುತ್ತಿತ್ತು.

ನಾವಿರುವ ಈ ಆರೈಕೆ ಮನೆಗೆ ಕಳೆದ ವಾರ ಸರ್ಕಾರದ ತಪಾಸಣೆಯವಳು ಬಂದಿದ್ದಳು. ಯಾರಿಗೆ ಎಷ್ಟು ಆರೈಕೆ ಬೇಕೆಂದು ನೋಡಿ ದರ್ಜೆ ಕೊಡುತ್ತಾಳೆ. ದರ್ಜೆಗೆ ತಕ್ಕಂತೆ ಇದನ್ನು ನಡೆಸುವವರಿಗೆ ದುಡ್ಡು ಬರುತ್ತದೆ. ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರು ಮೊದಲ ದರ್ಜೆ, ಅವರಿಗೆ ಆಯಾ ಇಲ್ಲ. ಪಾರ್ಶ್ವವಾಯು ಹೊಡೆದ ಮೇಲೆ ನಿಮ್ಮಮ್ಮನಿಗೆ ಆಯಾ ಚಮಚದಲ್ಲಿ ಕುಡಿಸದಿದ್ದರೆ ನೀರೂ ನೆತ್ತಿಗೆ ಹತ್ತುತ್ತದೆ, ನಿನಗೆ ಗೊತ್ತಲ್ಲ.

"ಮನೆಯವ್ರು ಬಾಯಿ ಹಾಕ್ಬಾರ್ದು, ನಾನು ಕಣ್ಣಾರೆ ನೋಡ್ಬೇಕು," ಎಂದಳು ತಪಾಸಣೆಯವಳು. ತುಟಿ ಹೊಲಿದುಕೊಂಡು ಕೂತೆ. ಟೈಲರ್ ಅಲ್ಲವೇ, ಅಷ್ಟು ಬರುತ್ತದೆ.

"ನೀವೇ ಏಳ್ತೀರಾ ಅಜ್ಜಿ?" ಎಂದಿದ್ದೇ ತಡ, ನಿಮ್ಮಮ್ಮ ಮಂಚದ ಸರಳು ಹಿಡಿದು ಎದ್ದೇಬಿಟ್ಟಳು ಕಣೇ! ವರ್ಷದಿಂದ ನೆಲಕ್ಕೆ ಕಾಲೂರದವಳು ನಿಂತುಕೊಂಡು ಸ್ವೆಟರಿನ ಗುಂಡಿ ಹಾಕಿದಳು. ಲೋಟ ಎತ್ತಿ ನೀರು ಕುಡಿದಳು. ಕೆಮ್ಮೇ, ಇವಳೆದುರು ಒಂದು ಸಲ ಕೆಮ್ಮಿಬಿಡೇ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಯಾವ ಗಂಡ ಹಾಗೆ ಬೇಡಿಕೊಳ್ಳುತ್ತಾನೆ ಹೇಳು!

ಕೆಮ್ಮಲಿಲ್ಲ. "ಗಟ್ಟಿಯಾಗಿದ್ದೀರಲ್ಲ!" ಎಂದು ಅವಳು ಮೊದಲ ದರ್ಜೆ ಬರೆದುಕೊಂಡು ಹೋದಳು. ಬಾಗಿಲು ಮುಚ್ಚಿದ್ದೇ ನಿಮ್ಮಮ್ಮ ನನ್ನ ಮೇಲೆ ಕುಸಿದಳು. ಆಮೇಲೆ ಕೆಮ್ಮಿದಳು ನೋಡು, ಮುಖ ನೀಲಿಗಟ್ಟುವವರೆಗೆ. ಅಂದಿನಿಂದ ಕಾಲು ಅಲುಗಿಲ್ಲ.

ಮೇಟ್ರನ್ ಹತ್ತಿರ ಹೋಗಿ ಕೂಗಾಡಿದೆ. ಆಕೆಯೂ ತಲೆ ಮೇಲೆ ಕೈ ಹೊತ್ತು ಕೂತಿದ್ದಳು. "ಯಜಮಾನ್ರೇ, ಹೊರಗಿನವ್ರು ಬಂದ್ರೆ ಇಲ್ಲಿ ಎಲ್ರಿಗೂ ಇಲ್ಲದ ಶಕ್ತಿ ಬಂದ್ಬಿಡುತ್ತೆ. ದರ್ಜೆ ಖಾಯಂ ಮಾಡೋಕೆ ಶುಕ್ರವಾರ ಆಕೆಯೇ ಮತ್ತೆ ಬರ್ತಾಳೆ. ಅವತ್ತೂ ಎದ್ದು ನಿಂತ್ರೆ ಆಯಾನ ತೆಗೀತಾರೆ, ನನ್ ಕೈಲಿ ಏನೂ ಇಲ್ಲ," ಎಂದಳು.

ಅಳಿಯಂದಿರ ಕೋಟಿನ ತೋಳು ಸರಿಮಾಡಿಟ್ಟಿದ್ದೇನೆ. ಮಕ್ಕಳಿಗೆ ಮುತ್ತು. ಎಲ್ಲರೂ ತಣ್ಣಗಿರಿ.

ನಿನ್ನ ಅಪ್ಪ

ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಯಾಕೆ ಎದ್ದೆ ಮಾರಾಯ್ತಿ ಎಂದು ನಿಮ್ಮಮ್ಮನನ್ನು ಕೇಳಿದೆ. ಆ ತಪಾಸಣೆಯ ಹೆಂಗಸು ನಿನ್ನಷ್ಟೇ ಎತ್ತರ, ಹೆಗಲಿಗೆ ನಿನ್ನಂಥದ್ದೇ ಚೀಲ. "ಮಗಳು ಬಂದಿದ್ಲಲ್ರೀ. ನಾನು ಎದ್ದು ನಿಂತಿದ್ದು ನೋಡಿದ್ಲು. ಇನ್ನು ಮನೆಗೆ ಕರ್ಕೊಂಡು ಹೋಗೋಕೆ ಏನಡ್ಡಿ?" ಎಂದಳು. ಶುಕ್ರವಾರಕ್ಕೆ ಮೊದಲು ಬಾ, ಗುಬ್ಬಿ. ಕರೆದುಕೊಂಡು ಹೋಗುವುದಿಲ್ಲ ಎಂದು ನೀನೇ ಹೇಳಿಬಿಡು. ನನ್ನ ಬಾಯಲ್ಲಿ ಬರುವುದಿಲ್ಲ. ಅದನ್ನು ಕೇಳಿದರೆ ಅವಳು ಮತ್ತೆ ಏಳುವುದಿಲ್ಲ.