ಕಪ್ಪಿಗೆ ಐವತ್ತೇಳು ಪರ್ಸೆಂಟು

ನವೆಂಬರ್ 9, ಸಂಜೆ
ಇವತ್ತೂ ಚೆಸ್ ಬೋರ್ಡು ಎರಡು ಮಂಚಗಳ ನಡುವೆ, ಸೂಟ್‌ಕೇಸಿನ ಮೇಲೆ. ಹೀಟರ್ ಬೆಚ್ಚಗಾಗುವ ಲಕ್ಷಣವಿಲ್ಲ. ಹಳೆಯ ಆಟಗಳೆಲ್ಲ ಇರುವ ಟೀಮಿನ ಡೇಟಾಬೇಸ್ ನೋಡಿಕೊಳ್ಳುವ ಡ್ಯೂಟಿ ನನ್ನದು. ರೂಮ್‌ಮೇಟ್ ಜೂರಾಗೆ ಕಪ್ಪು ಕಾಯಿಗೊಂದು ಓಪನಿಂಗ್ ಬೇಕಂತೆ. ಹುಡುಕಿ ಕೊಟ್ಟೆ. ಶುರುವಿನಲ್ಲೇ ಒಂದು ಕಾಲಾಳು ಬಿಟ್ಟುಕೊಟ್ಟು ಮುಗಿಬೀಳುವುದು. ಕಪ್ಪಿಗೆ ಐವತ್ತೇಳು ಪರ್ಸೆಂಟು ಗೆಲುವು.
“ಐವತ್ತೇಳಾ? ನಮ್ಮೂರು ನಾರಿನ್‌ಗೆ ಬಸ್ ಬರೋ ಚಾನ್ಸೂ ಅಷ್ಟಿಲ್ಲ ಕಣೇ.”
ಟೀಮ್ ಸೆಲೆಕ್ಷನ್‌ನಲ್ಲಿ ಗೆದ್ದವರಿಗಷ್ಟೇ ಹಾಸ್ಟೆಲ್ ಫ್ರೀ. ಅದಿಲ್ಲದೆ ಬಿಷ್ಕೆಕ್‌ನಲ್ಲಿ ಇಬ್ಬರಿಗೂ ಗತಿಯಿಲ್ಲ.

ನವೆಂಬರ್ 12, ಮಧ್ಯಾಹ್ನ
ಕೋಚ್ ಎಸೆನ್ ಅಗಾಯ್, ನಮ್ಮೆಲ್ಲರ ಮೇಷ್ಟ್ರು, ಪರ್ಸೆಂಟು ಕೇಳಿ ಚಹಾ ಬಟ್ಟಲು ಕೆಳಗಿಟ್ಟರು.
“ಕಣಿವೆ ದಾಟಿ ಬಂದವರನ್ನೇ ಕೇಳಿದ್ರೆ, ಹಿಮವೇ ಇರಲಿಲ್ಲ ಅಂತಾರೆ ಮಗಳೇ. ಹೂತುಹೋದವರು ಹೇಳೋಕೆ ಬರಲ್ಲ. ಯಾರು ಯಾರ ಮೇಲೆ ಆಡಿದ್ದು, ಯಾವಾಗ ಆಡಿದ್ದು, ನೋಡಿದ್ಯಾ?”
ನೋಡಿರಲಿಲ್ಲ. ಈಗ ನೋಡಿದೆ... ಕಪ್ಪು ಗೆದ್ದ ಆಟಗಳಲ್ಲಿ ಬಹುಪಾಲು ಕಪ್ಪಿನವರೇ ರೇಟಿಂಗ್‌ನಲ್ಲಿ ಎಷ್ಟೋ ಮೇಲೆ. ಏನಾಡಿದ್ದರೂ ಗೆಲ್ಲುತ್ತಿದ್ದರು. ಕಳೆದ ವರ್ಷ ಬಿಳಿಯವರಿಗೆ ಹೊಸ ನಡೆ ಸಿಕ್ಕಿದೆ — ಒಂಟೆ ಸುಮ್ಮನೆ ಒಂದು ಮನೆ ಹಿಂದಕ್ಕೆ. ಆಮೇಲೆ ಕಪ್ಪು ಒಂದೂ ಗೆದ್ದಿಲ್ಲ. ಹಳೆಯ ಗೆಲುವುಗಳ ರಾಶಿಯಡಿ ಹೊಸ ಸೋಲುಗಳು ಕಂಡೇ ಇರಲಿಲ್ಲ.
ಜೂರಾ ಕ್ಲಾಸಿನಿಂದ ಬಂದ ಕೂಡಲೇ ಹೇಳಬೇಕು.

ಅದೇ ದಿನ, ಊಟದ ನಂತರ
ಅವಳೇ ಸುದ್ದಿ ತಂದಳು. ನಾಳೆ ಕೊನೆಯ ಸುತ್ತು. ಅವಳಿಗೂ ನನಗೂ. ಅವಳದು ಕಪ್ಪು. ಟೀಮಿನಲ್ಲಿ ಉಳಿದಿರುವುದು ಒಂದೇ ಜಾಗ.
“ಜೂರಾ, ಆ ಓಪನಿಂಗ್ ಆಡ್ಬೇಡ. ಅದು ಕೆಟ್ಟಿದೆ. ಬಿಳಿಗೆ ಹೊಸ ನಡೆ ಸಿಕ್ಕಿದೆ.”
“ಓಹೋ. ನಮ್ಮಿಬ್ಬರ ಹೆಸರು ನೋಟೀಸ್ ಬೋರ್ಡಿಗೆ ಬಿದ್ಮೇಲೆ ಕೆಟ್ತಾ?”
“ಅದಕ್ಕೂ ಮುಂಚೆನೇ ನೋಡ್ದೆ.”
“ಮೊನ್ನೆ ಐವತ್ತೇಳು ಅಂದವಳೂ ನೀನೇ, ಇವತ್ತು ಸೊನ್ನೆ ಅನ್ನೋಳೂ ನೀನೇ. ಗೆಳತಿ ಹೇಳಿದ್ದು ನಂಬ್ತೀನಿ ಐಪೆರಿ. ಎದುರಾಳಿ ಹೇಳಿದ್ದಲ್ಲ.”
ಲ್ಯಾಪ್‌ಟಾಪ್ ತಿರುಗಿಸಿ ಹಿಡಿದೆ. “ನಿನ್ನ ಫಿಲ್ಟರ್, ನಿನ್ನ ಲೆಕ್ಕ” ಅಂದು ಗೋಡೆಗೆ ಮುಖ ಮಾಡಿ ಮಲಗಿದಳು.
ಹೊಸ ನಡೆ ಯಾವುದೆಂದು ಕೇಳಲಿಲ್ಲ. ನಾನೂ ಹೇಳಲಿಲ್ಲ.

ನವೆಂಬರ್ 13
ಅದನ್ನೇ ಆಡಿದಳು. ಕಾಲಾಳು ಬಿಟ್ಟುಕೊಟ್ಟು ನನ್ನ ಮುಖ ನೋಡಿದಳು. ಹಳೆಯ ನಡೆಯೂ ಇತ್ತು, ಎಲ್ಲರೂ ಆಡಿ ಸೋತದ್ದು. ಅದನ್ನು ಆಡಬಹುದಿತ್ತು.
ಒಂಟೆ ಮುಟ್ಟಿದೆ. ಮುಟ್ಟಿದ ಕಾಯಿ ನಡೆಸಲೇಬೇಕು.
ಬೇಗ ಮುಗಿಯಿತು, ನಾನು ಗೆದ್ದೆ. ಕೈ ಕುಲುಕಿದಳು.

ನವೆಂಬರ್ 16
ಆಟವನ್ನು ಡೇಟಾಬೇಸಿಗೆ ಸೇರಿಸು ಅಂದಿದ್ದರು ಅಗಾಯ್. ಟೈಪ್ ಮಾಡುತ್ತಿದ್ದೆ. ಜೂರಾ ಚೀಲ ಹೆಗಲಿಗೇರಿಸಿ ಬಂದು ಬೆನ್ನ ಹಿಂದೆ ನಿಂತಳು. ಕೆಳಗೆ ನಾರಿನ್ ವ್ಯಾನ್ ಹಾರ್ನ್ ಹೊಡೆಯುತ್ತಿತ್ತು.
“ಅವತ್ತು ನೀನು ನಿಜಾನೇ ಹೇಳಿದ್ದೆ ಹಾಗಾದ್ರೆ.”
“ಹೂಂ.”
“ನಾನು ನಂಬಲ್ಲ ಅಂತ ಗೊತ್ತಿದ್ದೇ ಹೇಳಿದ್ಯಾ?”
ಇಲ್ಲ ಅಂದೆ. ಹೋದಳು.
ಎದುರಿನ ಮಂಚದ ಮೇಲೆ ಬರೀ ಹಾಸಿಗೆ. ಇಲ್ಲ ಅಂದೆನಲ್ಲ, ಅದು ನಿಜವೇ ಅಂತ ನನಗೇ ಗೊತ್ತಿಲ್ಲ.