ನಮ್ಮ ಕುರಿಯ ಮೇಲೆ ನನಗೆ ಹೊಟ್ಟೆಕಿಚ್ಚು

ಆರೋಗ್ಯ ವಿಮೆಯ ಆಸ್ಪತ್ರೆ ಪಟ್ಟಿ ನೋಡಿಕೊಳ್ಳುವ ಅಧಿಕಾರಿಗಳಿಗೆ,

ಮಾನ್ಯರೇ,

ನನಗೆ ನಮ್ಮ ಮನೆಯ ಕುರಿಯ ಮೇಲೆ ಹೊಟ್ಟೆಕಿಚ್ಚಾಗಿದೆ. ಇದನ್ನು ಮುಚ್ಚಿಟ್ಟು ದೊಡ್ಡವಳೆನಿಸಿಕೊಳ್ಳುವ ಸ್ಥಿತಿಯಲ್ಲಿ ನಾನಿಲ್ಲ. ಏಳು ತಿಂಗಳ ಬಸುರಿ ನಾನು. ಹೆರಿಗೆ ಮಾಡಿಸಲು ಒಬ್ಬ ತಜ್ಞ ವೈದ್ಯರು ಬೇಕು, ಅವರು ನಿಜವಾಗಿ ಅದನ್ನೇ ಓದಿದವರು ಎಂಬುದಕ್ಕೆ ಒಂದು ಕಾಗದ ಬೇಕು, ಅವರ ಹತ್ತಿರ ನಮ್ಮ ಆರೋಗ್ಯ ಕಾರ್ಡು ನಡೆಯುತ್ತದೋ ಇಲ್ಲವೋ ಎಂಬ ಖಚಿತ ಮಾತು ಬೇಕು. ಇಷ್ಟಕ್ಕಾಗಿ ಎರಡು ತಿಂಗಳಿಂದ ಸುರಪುರ, ಶಹಾಪುರ, ಯಾದಗಿರಿ ಎಂದು ಬಸ್ಸು ಹತ್ತಿ ಇಳಿಯುತ್ತಿದ್ದೇನೆ. ನಮ್ಮ ಕುರಿಗೆ ಇವೆಲ್ಲ ಹಟ್ಟಿಯಲ್ಲಿ ಮೆಲುಕು ಹಾಕುತ್ತ ನಿಂತಲ್ಲಿಗೇ ಬಂದಿವೆ.

ನಿಮಗೆ ಉತ್ಪ್ರೇಕ್ಷೆ ಅನ್ನಿಸಬಹುದು. ಕಕ್ಕೇರಾ ಹತ್ತಿರದ ನಮ್ಮ ಊರಿಗೆ ಬಂದು ನೋಡಿ. ಪಶು ಆಸ್ಪತ್ರೆಯ ಗೋಡೆಯ ಮೇಲೆ ಡಾಕ್ಟರ ಹೆಸರು, ಅವರು ಓದಿದ್ದೇನು, ಯಾವ ದಿನ ಇರುತ್ತಾರೆ, ಮೊಬೈಲ್ ನಂಬರೇನು, ಎಲ್ಲವನ್ನೂ ದೊಡ್ಡ ಅಕ್ಷರದಲ್ಲಿ ಬರೆದಿದ್ದಾರೆ. ಡಾಕ್ಟರು ವರ್ಗವಾದಾಗ ಹಳೆಯ ಹೆಸರಿನ ಮೇಲೆ ಸುಣ್ಣ ಬಳಿದು ಹೊಸ ಹೆಸರು ಬರೆದರು. ಕುರಿ ವಿಮೆಯವನು ಬಿಸಿಲಲ್ಲಿ ಬೈಕ್ ಹೊಡೆದುಕೊಂಡು ಹಟ್ಟಿಗೇ ಬಂದ. ಒಂದೊಂದು ಕುರಿಯ ಕಿವಿಗೂ ನಂಬರಿನ ಹಳದಿ ಬಿಲ್ಲೆ ಹಾಕಿಸಿ, ಬಿಲ್ಲೆ ಕಾಣುವಂತೆ ಫೋಟೊ ತೆಗೆದ. ನನ್ನ ಗಂಡ ಅಂಬಣ್ಣ ಫೋಟೊದಲ್ಲಿ ಬರುತ್ತಿದ್ದರೆ ಸ್ವಲ್ಪ ಆಚೆ ನಿಲ್ಲಲು ಹೇಳಿದ, ವಿಮೆ ಕುರಿಯದೇ ಹೊರತು ಅವರದಲ್ಲವಲ್ಲ. ಯಾವ ಕಾಯಿಲೆಗೆ ವಿಮೆ ಬರುತ್ತದೆ, ಯಾವುದಕ್ಕೆ ಬರುವುದಿಲ್ಲ, ಯಾವ ಡಾಕ್ಟರ ಸಹಿ ನಡೆಯುತ್ತದೆ ಎಂದು ಅಲ್ಲೇ ಕೂತು ಓದಿ ಹೇಳಿ, ಚಹಾ ಕುಡಿದು ಹೋದ. ಇಷ್ಟು ಮರ್ಯಾದೆ ನನ್ನ ಮದುವೆಯ ಮಾತುಕತೆಯಲ್ಲೂ ನನಗೆ ಸಿಕ್ಕಿರಲಿಲ್ಲ.

ಈಗ ನನ್ನ ಕಥೆಗೆ ಬರುತ್ತೇನೆ. ಗ್ರಾಮ ಪಂಚಾಯತಿಯ ಗ್ರಂಥಾಲಯ ನೋಡಿಕೊಳ್ಳುವವಳು ನಾನು. ನಂಬರು ಹಾಕದ ಪುಸ್ತಕವನ್ನು ಕಪಾಟಿಗೆ ಏರಿಸಿದವಳಲ್ಲ. ಹಾಗಾಗಿ ಮೊದಲು ನಿಮ್ಮ ಪಟ್ಟಿಯನ್ನೇ ಪಂಚಾಯತಿಯ ಕಂಪ್ಯೂಟರಿನಿಂದ ತೆಗೆಸಿ ಓದಿದೆ. ತಿಂಗಳ ತಪಾಸಣೆಗೆ ಸರ್ಕಾರಿ ಆಸ್ಪತ್ರೆಗೇ ಹೋಗುತ್ತೇನೆ, ಅಲ್ಲಿನ ನರ್ಸಮ್ಮನವರು ನನ್ನ ತಾಯಿ ಕಾರ್ಡು ನೋಡಿ, ಹಿಂದೊಮ್ಮೆ ಹೀಗಾಗಿದ್ದರಿಂದ ಈ ಸಲ ತಜ್ಞರ ಕಣ್ಣಳತೆಯಲ್ಲೇ ಹೆರಿಗೆಯಾಗಬೇಕು ಎಂದು ಕೆಂಪು ಮಸಿಯಲ್ಲಿ ಬರೆದಿದ್ದಾರೆ. ಯಾವ ತಜ್ಞರು ಎಂದು ಹೇಳಬೇಕಾದದ್ದು ನಿಮ್ಮ ಪಟ್ಟಿ. ಅದರಲ್ಲಿ ಶಹಾಪುರದ ಒಂದು ಆಸ್ಪತ್ರೆಯ ಮುಂದೆ ‘ಹೆರಿಗೆ’ ಎಂದು ಇತ್ತು, ಫೋನ್ ನಂಬರೂ ಇತ್ತು. ಮಾಡಿದೆ. ಎತ್ತಿದವರು ಅಮೀನಸಾಬ ಎಂಬ ಹತ್ತಿ ವ್ಯಾಪಾರಿ.

ನಾನು ಕ್ಷಮಿಸಿ ಎನ್ನುವ ಮೊದಲೇ ಅವರು, “ಎಷ್ಟು ತಿಂಗಳ್ರಿ ಅಕ್ಕಾ?” ಎಂದರು. ದಿನಕ್ಕೆ ಮೂರು ನಾಲ್ಕು ಮಂದಿ ಬಸುರಿಯರು ಫೋನ್ ಮಾಡಿ ಮಾಡಿ ಅವರಿಗೆ ರೂಢಿಯಾಗಿಬಿಟ್ಟಿದೆ. ಮೊದಮೊದಲು ಬೈದರಂತೆ. ಆಮೇಲೆ ಪಾಪವೆನಿಸಿ, ಹೋಗಿ ಬಂದವರಿಂದ ಕೇಳಿ ತಿಳಿದು, ಎಲ್ಲಿ ಕಾರ್ಡು ನಡೆಯುತ್ತದೆ, ಎಲ್ಲಿ ಡಾಕ್ಟರು ಇದ್ದಾರೆ ಎಂದು ಅಂಗಡಿಯ ತಕ್ಕಡಿಯ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿದ್ದಾರೆ. ಮಾನ್ಯರೇ, ನಿಮ್ಮ ಇಡೀ ಪಟ್ಟಿಯಲ್ಲಿ ನನಗೆ ಸರಿಯಾದ ಮಾಹಿತಿ ಕೊಟ್ಟವರು ಆ ಹತ್ತಿ ವ್ಯಾಪಾರಿ ಒಬ್ಬರೇ. ಅವರ ನಂಬರು ಪಟ್ಟಿಗೆ ತಪ್ಪಿ ಸೇರಿದೆ. ದಯವಿಟ್ಟು ತೆಗೆಯಬೇಡಿ.

ಪಟ್ಟಿಯಲ್ಲಿದ್ದ ಸುರಪುರದ ಇನ್ನೊಂದು ಆಸ್ಪತ್ರೆಯ ಬಾಗಿಲಲ್ಲಿ ‘ಇಲ್ಲಿ ಕಾರ್ಡು ನಡೆಯುತ್ತದೆ’ ಎಂಬ ಬೋರ್ಡೂ ಇತ್ತು. ಸಂತೋಷದಿಂದ ಒಳಗೆ ಹೋದೆ. ಚೀಟಿ ಬರೆಯುವ ಹುಡುಗಿ ನನ್ನ ಹೊಟ್ಟೆ ನೋಡಿದಳು, ಕಾರ್ಡು ನೋಡಿದಳು. “ನಡೀತದರಿ, ಆದ್ರ ಎಲುಬು ಮುರಿದ್ರ ಅಷ್ಟೇ,” ಎಂದಳು. ಅವಳ ತಪ್ಪಿಲ್ಲ ಬಿಡಿ. ಆ ಆಸ್ಪತ್ರೆಗೆ ಎಲುಬಿಗೆ ಮಾತ್ರ ಮಂಜೂರಾತಿ ಕೊಟ್ಟವರು, ಅದನ್ನು ಪಟ್ಟಿಯಲ್ಲಿ ಹೇಳಲು ಮರೆತವರು ಒಬ್ಬರೇ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ವರ ಕೊಟ್ಟ ದೇವರಿಗೇ ಏನು ಕೊಟ್ಟೆನೆಂದು ನೆನಪಿಲ್ಲ.

ಹೊಟ್ಟೆಕಿಚ್ಚಿನ ಮಾತು ಬಂದಾಗ ಕುರಿಯೊಂದನ್ನೇ ಹೇಳಿ ಮನುಷ್ಯರನ್ನು ಬಿಟ್ಟರೆ ಸುಳ್ಳಾಗುತ್ತದೆ. ಪರಿಮಳಾ ನನ್ನ ಜೊತೆ ಸುರಪುರದಲ್ಲಿ ಪಿಯುಸಿ ಓದಿದವಳು. ಒಂದೇ ಡಬ್ಬಿಯಲ್ಲಿ ರೊಟ್ಟಿ ತಿಂದವರು ನಾವು. ಅವಳ ಗಂಡ ನಾರಾಯಣಪುರದ ಡ್ಯಾಮಿನ ಕಚೇರಿಯಲ್ಲಿದ್ದಾರೆ, ಮನೆ ಕ್ವಾರ್ಟರ್ಸಿನಲ್ಲಿ. ಅವರ ವಿಮೆ ಬೇರೆ. ಅದಕ್ಕೆ ಒಂದು ಪುಸ್ತಕವಿದೆ, ಅದರಲ್ಲಿ ಡಾಕ್ಟರ ಹೆಸರು, ನೋಂದಣಿ ನಂಬರು, ಎಷ್ಟು ವರ್ಷದ ಅನುಭವ, ಎಲ್ಲ ಇದೆ. ಅವಳು ಕುರ್ಚಿಯ ಮೇಲೆ ಕೂತು ಪುಟ ತಿರುವಿ, ಇಂಥವರು ಬೇಕು ಎಂದು ಬೆರಳಿಟ್ಟು ಆರಿಸಿದಳು. ಮಗಳ ತೊಟ್ಟಿಲ ಕಾರ್ಯಕ್ಕೆ ಕರೆದಿದ್ದಳು, ಹೋದೆ. ಕೂಸನ್ನು ಎತ್ತಿಕೊಂಡೆ, ಲಕ್ಷಣವಾಗಿದೆ ಎಂದೆ, ನಕ್ಕೆ. ಆಮೇಲೆ ಹಿತ್ತಲಿನ ನಲ್ಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದೆ. ಗೆಳತಿಯ ಕೂಸಿನ ಮೇಲೆ ಕಣ್ಣು ಹಾಕುವಂಥ ಹೆಂಗಸಾಗಿ ನಾನು ಹುಟ್ಟಿರಲಿಲ್ಲ. ನಿಮ್ಮ ಕಚೇರಿ ನನ್ನನ್ನು ಹಾಗೆ ಮಾಡಿದೆ, ಅದಕ್ಕಾಗಿ ನಿಮ್ಮನ್ನು ನಾನು ಸುಲಭವಾಗಿ ಕ್ಷಮಿಸಲಾರೆ. ನಿಮ್ಮ ಮನೆಯವರ ಮೇಲೂ ನನಗೆ ಹೊಟ್ಟೆಕಿಚ್ಚಿದೆ. ಅವರು ಹತ್ತಿ ವ್ಯಾಪಾರಿಗೆ ಫೋನ್ ಮಾಡಿ ಡಾಕ್ಟರನ್ನು ಹುಡುಕಿರಲಾರರು.

ಹಿಂದೊಮ್ಮೆ ಹೀಗಾಗಿತ್ತು ಎಂದೆನಲ್ಲ, ಅದೇನೆಂದು ಹೇಳಲೇಬೇಕು.

ನಮ್ಮದು ಕುರಿ ಸಾಕುವ ಮನೆತನ. ಟಗರು ಕೊಳ್ಳುವಾಗ ನಮ್ಮವರು ಟಗರನ್ನಷ್ಟೇ ನೋಡಿ ಬರುವುದಿಲ್ಲ. ಮಾರುವವನ ಹಟ್ಟಿಗೆ ಹೋಗಿ ಕೂತು ಮೂರು ಮಾತು ಕೇಳುತ್ತಾರೆ. ಯಾವ ತಾಯಿಯ ಮರಿ, ಅದಕ್ಕೆ ಹುಟ್ಟಿದ ಮರಿ ಎಷ್ಟು, ಅವುಗಳಲ್ಲಿ ಸತ್ತವು ಎಷ್ಟು. ಮೂರನೆಯದಕ್ಕೆ ಒಂದೂ ಸತ್ತಿಲ್ಲ ಎನ್ನುವವನ ಹತ್ತಿರ ವ್ಯಾಪಾರವಿಲ್ಲ, ಅವನು ಸುಳ್ಳುಗಾರ. ಎರಡು ವರ್ಷದ ಹಿಂದೆ ನಾನು ಮೊದಲ ಸಲ ಬಸುರಾದಾಗ ನಮ್ಮತ್ತೆ ಮಾಳಮ್ಮನವರು ಡಾಕ್ಟರನ್ನೂ ಹಾಗೆಯೇ ಪರೀಕ್ಷಿಸಲು ಹೊರಟರು. ಶಹಾಪುರದ ಒಂದು ಆಸ್ಪತ್ರೆಯ ಮುಂದಿನ ಬೇವಿನ ಗಿಡದ ಕೆಳಗೆ ರೊಟ್ಟಿಯ ಗಂಟು ಬಿಚ್ಚಿಕೊಂಡು ಇಡೀ ದಿನ ಕೂತರು. ಕೂಸು ಎತ್ತಿಕೊಂಡು ಹೊರಗೆ ಬಂದವರನ್ನೆಲ್ಲ ಕೇಳಿದರು. ಬೋರ್ಡಿನ ಮೇಲೆ ಹೆರಿಗೆ ತಜ್ಞೆಯೊಬ್ಬರ ಹೆಸರಿತ್ತು, ಹೆಸರಿನ ಮುಂದೆ ಸಾಲು ಸಾಲು ಡಿಗ್ರಿಗಳಿದ್ದವು. ಹೆತ್ತು ಹೊರಬಂದ ಹನ್ನೊಂದು ಮಂದಿಯೂ ಚಲೋ ಆಸ್ಪತ್ರೆ ಎಂದರು. ಮೂರನೆಯ ಮಾತನ್ನು ಮಾತ್ರ ಅತ್ತೆ ಕೇಳಲಿಲ್ಲ. ಎಳೆ ಕೂಸು ಎತ್ತಿಕೊಂಡ ಬಾಣಂತಿಯ ಮುಂದೆ ಸತ್ತ ಕೂಸಿನ ಮಾತೆತ್ತುವುದು ಅಪಶಕುನವಲ್ಲವೇ? ಕೂಸು ಕಳೆದುಕೊಂಡವರು ಬೇವಿನ ಗಿಡದ ಕಡೆಗೆ ಬರುವುದಿಲ್ಲ, ಸೀದಾ ಟಂಟಂ ಹತ್ತಿ ಹೋಗಿಬಿಡುತ್ತಾರೆ ಎಂಬುದೂ ಅವರಿಗೆ ಹೊಳೆಯಲಿಲ್ಲ.

ಒಂಬತ್ತನೆಯ ತಿಂಗಳಲ್ಲಿ ಬಿಪಿ ಏರಿ ನನ್ನನ್ನು ಅಲ್ಲಿಗೇ ಒಯ್ದರು. ನೋಡಿದವರು ಬೇರೆ ಯಾರೋ ಡಾಕ್ಟರು. ಬೋರ್ಡಿನವರು ಈಗ ಬರುತ್ತಾರೆ, ಇನ್ನೇನು ಬರುತ್ತಾರೆ ಎಂದರು. ಮಗ ಹುಟ್ಟಿದ, ಅಳಲಿಲ್ಲ. ನಾಲ್ಕನೆಯ ದಿನ ಕಾಗದ ತರಲು ಹೋದ ನನ್ನ ಗಂಡ, ಆ ಡಾಕ್ಟರಮ್ಮ ಎಲ್ಲಿ ಎಂದು ಕೇಳಿದಾಗ ಅಲ್ಲಿನ ಗುಮಾಸ್ತ ಸಮಾಧಾನದಿಂದಲೇ ಹೇಳಿದನಂತೆ: “ಅವ್ರು ಹೋಗಿ ಒಂದೂವರಿ ವರ್ಷ ಆತ್ರಿ. ಬೋರ್ಡ್ ಚಲೋ ಅದ ಅಂತ ಹಂಗೇ ಬಿಟ್ಟೀವಿ.” ನನ್ನನ್ನು ನೋಡಿದವರು ಹೆರಿಗೆ ತಜ್ಞರೇ ಅಲ್ಲ ಎಂಬುದು ಆಮೇಲೆ ತಿಳಿಯಿತು. ನಿಮ್ಮ ಪಟ್ಟಿಯಲ್ಲಿ ಮಾತ್ರ ಆ ಆಸ್ಪತ್ರೆಯ ಮುಂದೆ ಇಂದಿಗೂ ಹೋದವರ ಹೆಸರೇ ಇದೆ. ಹತ್ತಿ ವ್ಯಾಪಾರಿಯ ನಂಬರು ಇರುವುದೂ ಅದೇ ಸಾಲಿನಲ್ಲಿ, ಆ ಡಾಕ್ಟರಮ್ಮ ಮರಳಿ ಬಂದಿದ್ದಾರೋ ಎಂದು ಕೇಳಲೆಂದೇ ನಾನು ಫೋನ್ ಮಾಡಿದ್ದು.

ಅದೇ ತಿಂಗಳು ನಮ್ಮ ಹಟ್ಟಿಯಲ್ಲಿ ಒಂದು ಕುರಿಯೂ ಈಯಲಾರದೆ ಸತ್ತಿತು. ಕೂಡಲೇ ಪಶು ವೈದ್ಯರು ಬಂದರು, ಕೊಯ್ದು ನೋಡಿದರು, ಕಿವಿಯ ಬಿಲ್ಲೆಯ ನಂಬರು ಬರೆದುಕೊಂಡು ಒಂದು ಕಾಗದ ಕೊಟ್ಟರು. ಅದರಲ್ಲಿ ಒಂದು ಸಾಲು ಇತ್ತು: ಮರಣದ ಕಾರಣ, ಗರ್ಭದಲ್ಲಿ ಮರಿ ಅಡ್ಡ ತಿರುಗಿದ್ದು. ಕೆಳಗೆ ಸಹಿ, ಹೆಸರು, ಮೊಹರು. ನನ್ನ ಡಿಸ್ಚಾರ್ಜ್ ಕಾಗದದಲ್ಲಿ ನನ್ನ ವಯಸ್ಸಿದೆ, ನುಂಗಬೇಕಾದ ಮಾತ್ರೆಗಳಿವೆ. ಕಾರಣದ ಸಾಲು ಖಾಲಿ. ಸಹಿ ಒಬ್ಬರದು, ಮೊಹರು ಊರು ಬಿಟ್ಟವರದು. ಬಾಣಂತಿ ಕೋಣೆಯಲ್ಲಿ ಕೂಸಿಲ್ಲದೆ ಮಲಗಿದ್ದ ನಾನು ಆ ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದಿದೆ. ಆ ಕುರಿಯ ಮೇಲೆ ನನಗೆ ಹೊಟ್ಟೆಕಿಚ್ಚು ಹುಟ್ಟಿದ್ದು ಅಂದು. ಅದು ಏಕೆ ಸತ್ತಿತೆಂದು ಅದರ ಮನೆಯವರಿಗೆ ಗೊತ್ತಿತ್ತು. ಅತ್ತೆ ನನ್ನ ಕಾಲ ಬಳಿ ಕೂತು, “ಮೂರನೇ ಮಾತು ನಾ ಕೇಳಲಿಲ್ಲ ಯವ್ವಾ. ಕುರಿಗಿ ಕೇಳ್ತೀನಿ, ನಿನಗ ಕೇಳಲಿಲ್ಲ,” ಎಂದರು. ಇವತ್ತಿಗೂ ಆ ಮಾತು ಅವರನ್ನು ಬಿಟ್ಟಿಲ್ಲ.

ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಎಂದರೆ ಇದೇ ತಾನೆ? ಓದದ ಮುದುಕಿ ಬಿಸಿಲಲ್ಲಿ ಕೂತು ಕೇಳಬೇಕಾದ ಪ್ರಶ್ನೆಯೇ ಅದು? ಡಾಕ್ಟರು ಇದ್ದಾರೋ ಇಲ್ಲವೋ, ಓದಿದ್ದಾರೋ ಇಲ್ಲವೋ ಎಂದು ನೋಡಲು ನಿಮಗೆ ಕಚೇರಿಯಿದೆ, ಜೀಪಿದೆ, ಮೊಹರಿದೆ. ನಮ್ಮತ್ತೆಯ ಹತ್ತಿರ ಇದ್ದದ್ದು ರೊಟ್ಟಿಯ ಗಂಟು.

ಈ ಸಲ ಅಮೀನಸಾಬರ ಹಾಳೆಯಲ್ಲಿದ್ದ ಕೊನೆಯ ಹೆಸರು ಹಿಡಿದು ಅತ್ತೆ, ನಾನು ಇಬ್ಬರೂ ಯಾದಗಿರಿಗೆ ಹೋದೆವು. ಸಣ್ಣ ಆಸ್ಪತ್ರೆ, ಒಬ್ಬರೇ ಡಾಕ್ಟರಮ್ಮ. ನಾನು ಸಂಕೋಚ ಬಿಟ್ಟು ಅವರ ಪ್ರಮಾಣಪತ್ರ ಕೇಳಿದೆ. ಎಂಟು ವರ್ಷದಲ್ಲಿ ಇದನ್ನು ಕೇಳಿದವಳು ನೀನೇ ಮೊದಲು ಎನ್ನುತ್ತ, ಬೇಸರವಿಲ್ಲದೆ ಗೋಡೆಯಿಂದ ಇಳಿಸಿ ಕೈಗೆ ಕೊಟ್ಟರು. ನಂಬರು ಬರೆದುಕೊಂಡು, ಅಲ್ಲೇ ಮೊಬೈಲಿನಲ್ಲಿ ವೈದ್ಯರ ನೋಂದಣಿ ಪಟ್ಟಿ ತೆಗೆದು ಹುಡುಕಿದೆ. ಇತ್ತು, ಹೆರಿಗೆ ತಜ್ಞೆ ಎಂದೇ ಇತ್ತು. ಆಮೇಲೆ ಅತ್ತೆ ಸೆರಗು ಸರಿಮಾಡಿಕೊಂಡು ಮುಂದೆ ಬಂದು ತಮ್ಮ ಮಾತು ಕೇಳಿದರು.

“ನಿಮ್ಮ ಕೈಯಾಗ ಎಷ್ಟು ಕೂಸು ಹೋಗ್ಯಾವ್ರಿ?”

ನಾನು ಅಂಜಿ ಅತ್ತೆಯ ಕೈ ಹಿಡಿದುಕೊಂಡೆ. ಡಾಕ್ಟರಮ್ಮ ಸಿಟ್ಟಾಗಲಿಲ್ಲ. ಕುರ್ಚಿ ಎಳೆದು ಅತ್ತೆಯನ್ನು ಕೂರಿಸಿ, “ಒಂಬತ್ತು, ಅವ್ವಾ. ಒಂಬತ್ತೂ ತಾಯಂದಿರ ಹೆಸರು ನೆನಪದಾವ,” ಎಂದರು.

ಹೊರಗೆ ಬಂದ ಮೇಲೆ ಅತ್ತೆ, “ಇವ್ರ ಕಡಿನೇ ಆಗಲಿ,” ಎಂದರು. ನನಗೂ ಎರಡು ವರ್ಷದ ಮೇಲೆ ಮೊದಲ ಸಲ ಹೊಟ್ಟೆಯೊಳಗಿನದು ಉಳಿಯುತ್ತದೆ ಅನ್ನಿಸಿತು. ಆದರೆ ಅವರಲ್ಲಿ ನಮ್ಮ ಕಾರ್ಡು ನಡೆಯುವುದಿಲ್ಲ. ಪಟ್ಟಿಗೆ ಸೇರಿಸಿರೆಂದು ಅವರು ಅರ್ಜಿ ಹಾಕಿ ಹದಿನಾಲ್ಕು ತಿಂಗಳಾಗಿದೆ. ಕಡತ ನಿಮ್ಮ ಮೇಜಿನ ಮೇಲಿದೆ. ಇರುವ ಡಾಕ್ಟರು ಪಟ್ಟಿಯಲ್ಲಿಲ್ಲ, ಪಟ್ಟಿಯಲ್ಲಿರುವ ಡಾಕ್ಟರು ಊರಲ್ಲಿಲ್ಲ. ಕಾರ್ಡು ಹಿಡಿದು ಖಾಲಿ ಕುರ್ಚಿಗೆ ಹೋಗಲೋ, ಹಟ್ಟಿಯ ಕುರಿಗಳನ್ನೆಲ್ಲ ಮಾರಿ ಈ ಡಾಕ್ಟರಮ್ಮನ ಹತ್ತಿರ ಹೋಗಲೋ, ನೀವೇ ಹೇಳಿ. ಮಾರಿದರೆ ಒಂದು ಲಾಭವಿದೆ, ನನಗೆ ಹೊಟ್ಟೆಕಿಚ್ಚು ಪಡಲು ಮನೆಯಲ್ಲಿ ಯಾರೂ ಉಳಿಯುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಆ ಕಡತಕ್ಕೆ ಈ ವಾರ ಹೌದೋ ಅಲ್ಲವೋ ಬರೆಯಿರಿ. ನಿಮ್ಮ ಪಟ್ಟಿಯ ಪ್ರತಿ ಆಸ್ಪತ್ರೆಗೆ ಹೋಗಿ, ಹೆರಿಗೆ ಡಾಕ್ಟರು ಕುರ್ಚಿಯಲ್ಲಿ ಕೂತಿರುವುದನ್ನು ಕಣ್ಣಾರೆ ನೋಡಿ, ಅವರ ಹೆಸರು, ನೋಂದಣಿ ನಂಬರು, ಕಾರ್ಡು ಯಾವುದಕ್ಕೆ ನಡೆಯುತ್ತದೆ ಎಂಬುದನ್ನು ಪ್ರತಿ ಪಂಚಾಯತಿಯ ಗೋಡೆಯ ಮೇಲೆ ಬರೆಸಿ. ಡಾಕ್ಟರು ಹೋದ ದಿನ ಸುಣ್ಣ ಬಳಿಸಿ. ಕುರಿ ಡಾಕ್ಟರ ಗೋಡೆಯ ಪಕ್ಕ ಜಾಗ ಖಾಲಿ ಇದೆ, ನಾನೇ ಅಳತೆ ತೆಗೆದು ನೋಡಿದ್ದೇನೆ.

ಕೊನೆಗೆ, ನಮ್ಮತ್ತೆಯ ಮೂರನೆಯ ಮಾತನ್ನು ಈಗ ನಿಮಗೇ ಕೇಳುತ್ತೇನೆ. ನಿಮ್ಮ ಪಟ್ಟಿ ನಂಬಿ ಹೋದವರ ಕೂಸುಗಳಲ್ಲಿ ಸತ್ತವು ಎಷ್ಟು? ಒಂದೂ ಇಲ್ಲ ಎನ್ನಬೇಡಿ. ಹಾಗೆನ್ನುವವರನ್ನು ನಮ್ಮ ಹಟ್ಟಿಯಲ್ಲಿ ಏನೆನ್ನುತ್ತಾರೆಂದು ಆಗಲೇ ಬರೆದಿದ್ದೇನೆ. ಲೆಕ್ಕ ಇಟ್ಟಿಲ್ಲವಾದರೆ ಇವತ್ತು ಒಂದರಿಂದ ಶುರು ಮಾಡಿ. ಆ ಒಂದು ನನ್ನ ಮಗ.

ಇಂತಿ,
ಮನೆಯಲ್ಲಿ ಕಿವಿಗೆ ಬಿಲ್ಲೆಯಿಲ್ಲದ ಬಸುರಿ ತಾನೊಬ್ಬಳೇ ಆದ
ಶಿವಲೀಲಾ
ಕಕ್ಕೇರಾ ಹತ್ತಿರದ ಹಟ್ಟಿಯಿಂದ