ಗಾಜಿನ ಕೆಳಗಿನ ಪಾಂಗಾ

ಖೈತಾನ್
೧೨ ನವೆಂಬರ್ ೨೦೨೫, ಬುಧವಾರ

ಪ್ರೀತಿಯ ಪಪ್ಪನಿಗೆ,

ಮೊದಲಿಗೆ ಸಾರಿ. ಒಂದೇ ಫ್ಲಾಟಿನಲ್ಲಿದ್ದುಕೊಂಡು ನಿಮಗೆ ಪತ್ರ ಬರೆಯುವುದು ಹುಚ್ಚು ಅಂತ ನನಗೂ ಗೊತ್ತು. ಆದರೆ ಎಂಟು ವರ್ಷ ಊರಿನ ಹಾಸ್ಟೆಲ್‌ನಿಂದ ಪ್ರತಿ ಭಾನುವಾರ ನಿಮಗೆ ಬರೆದೇ ಅಭ್ಯಾಸ. ಎದುರು ಕೂತರೆ ನನ್ನ ಬಾಯಿಂದ ಹಾಂ, ಓಕೆ, ಊಟ ಆಯ್ತು, ಇಷ್ಟೇ ಬರುತ್ತದೆ. ವಾರ್ಡನ್ ಪ್ರೀಮಾ ಮಿಸ್ ಕಲಿಸಿದ ಹಾಗೆ ನಾನು ಇಲ್ಲಿ ಕ್ಷೇಮ, ನೀವು ಅಲ್ಲಿ ಕ್ಷೇಮವೇ ಅಂತ ಶುರು ಮಾಡಲು ಹೋದೆ. ನಗು ಬಂತು. ಇಲ್ಲಿಗೂ ಅಲ್ಲಿಗೂ ನಡುವೆ ಇರುವುದು ಒಂದು ಗೋಡೆ, ಅದರಲ್ಲಿ ನಿಮ್ಮ ಶರ್ಟು ತೂಗುಹಾಕುವ ಮೊಳೆ.

ನಿಮ್ಮ ಟೋಂಗಾ ದೇಶದ ನೋಟು ಸಿಕ್ಕಿದೆ. ಅದನ್ನು ತೆಗೆದದ್ದು ನಾನು, ನಮ್ಮ ಫ್ಲಾಟಿನ ಆಚೆ ರೂಮಿನ ಕಾರ್ಮೆಲ್ ಆಂಟಿ ಅಲ್ಲ.

ದಯವಿಟ್ಟು ಇಲ್ಲಿಗೇ ಓದುವುದು ನಿಲ್ಲಿಸಿ ಫೋನ್ ಮಾಡಬೇಡಿ. ಕ್ಲಾಸಿನಲ್ಲಿರುತ್ತೇನೆ.

ಎಕನಾಮಿಕ್ಸ್ ಸರ್ ಎಲ್ಲರೂ ಒಂದೊಂದು ದೇಶದ ಹಣದ ಬಗ್ಗೆ ಐದು ನಿಮಿಷ ಮಾತಾಡಬೇಕು ಅಂದಿದ್ದರು. ಈ ಗಲ್ಫಿನಲ್ಲೇ ಬೆಳೆದ ಮಕ್ಕಳು ಪಟಪಟ ಇಂಗ್ಲಿಷ್ ಹೊಡೆಯುತ್ತಾರೆ. ನನ್ನದು ಅರ್ಧ ದಾರಿಯಲ್ಲೇ ಕನ್ನಡಕ್ಕೆ ಇಳಿಯುತ್ತದೆ. ಕೈಯಲ್ಲಿ ಏನಾದರೂ ಹಿಡಿದುಕೊಂಡರೆ ಜನ ಅದನ್ನು ನೋಡುತ್ತಾರೆ, ನನ್ನನ್ನು ನೋಡುವುದಿಲ್ಲ ಅಂತ ಐಡಿಯಾ ಮಾಡಿದೆ. ಭಾನುವಾರ ಬೆಳಗ್ಗೆ ನೀವು ಸ್ನಾನಕ್ಕೆ ಹೋದಾಗ ಮೇಜಿನ ಗಾಜು ಎತ್ತಿ, ಕಟೀಲು ದೇವಿಯ ಫೋಟೋಕ್ಕೂ ನನ್ನ ಐದನೇ ಕ್ಲಾಸಿನ ಫೋಟೋಕ್ಕೂ ನಡುವೆ ಇದ್ದ ಆ ಐವತ್ತು ಪಾಂಗಾದ ನೋಟು ತೆಗೆದೆ. ಕೇಳಿದ್ದರೆ ನೀವು ಬೇಡ ಅನ್ನುತ್ತಿದ್ದಿರಿ. ಟೋಂಗಾದವರೊಬ್ಬರು ನಿಮ್ಮ ಮನಿ ಎಕ್ಸ್‌ಚೇಂಜ್ ಕೌಂಟರಿನ ಕೆಲಸ ಮೆಚ್ಚಿ ಕೊಟ್ಟದ್ದು, ನಿಮ್ಮ ಲಕ್ಕಿ ನೋಟು ಅಂತ ಎಷ್ಟು ಸಲ ಹೇಳಿಲ್ಲ!

ಮಾತು ಚೆನ್ನಾಗೇ ಆಯಿತು, ಪಪ್ಪ. ಪಾಂಗಾ ಅಂದರೆ ಅಲ್ಲಿನ ಒಂದು ಬಳ್ಳಿಯ ದೊಡ್ಡ ಕಂದು ಬೀಜ, ಹಿಂದಿನವರು ಅದನ್ನು ಎಸೆದು ಆಟ ಆಡುತ್ತಿದ್ದರು ಅಂದೆ. ಹೊಸ ಹಣಕ್ಕೆ ಡಾಲರ್ ಅಂತ ಯಾಕೆ ಹೆಸರಿಡಲಿಲ್ಲ ಅಂದರೆ, ಅವರ ಬಾಯಲ್ಲಿ ಅದು ಹಂದಿಯ ಮೂತಿ ಅಂದ ಹಾಗೆ ಆಗುತ್ತದಂತೆ ಅಂದೆ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಒಂದು ದಿನಾರಿಗೆ ಏಳೆಂಟು ಪಾಂಗಾ ಬರುತ್ತದೆ ಅಂದಾಗ ಹಿಂದಿನ ಬೆಂಚಿನವನೊಬ್ಬ ಯಲ್ಲಾ, ಬನ್ನಿ, ಟೋಂಗಾಕ್ಕೆ ಹೋಗಿ ನಾವೂ ಶೇಖ್ ಆಗುವ ಅಂದ. ನೋಟು ಕೈಯಿಂದ ಕೈಗೆ ಹೋಯಿತು. ವಾಪಸ್ ಬರಲಿಲ್ಲ.

ಆ ಸಂಜೆ ಗಾಜಿನ ಕೆಳಗೆ ನೋಡಿ ನಿಮ್ಮ ಮುಖ ಬಿಳಿಚಿತು. ಅಮ್ಮ, ಊರವರ ನೋಟು ಹದಿನಾಲ್ಕು ವರ್ಷ ಕಾದ್ರಿ, ನಿಮ್ಮದೊಂದು ಕಾಯ್ಲಿಕ್ಕೆ ಆಗ್ಲಿಲ್ವಾ ಅಂತ ಕುಟುಕಿದರು. ಆಂಟಿ ಆ ಮೇಜಿನ ಮೇಲೇ ಯೂನಿಫಾರ್ಮ್ ಇಸ್ತ್ರಿ ಮಾಡುತ್ತಿದ್ದರು. ನೀವು ಮೆತ್ತಗೇ ಕೇಳಿದಿರಿ, ಕಾರ್ಮೆಲ್ ಬಾಯಿ, ಗಾಜೇನಾದ್ರೂ ಎತ್ತಿದ್ರಾ ಅಂತ. ಅಷ್ಟೇ. ಅವರು ಇಸ್ತ್ರಿಪೆಟ್ಟಿಗೆ ಆಫ್ ಮಾಡಿದರು. ಕೊರಗಪ್ಪಣ್ಣ, ಹದಿನಾರು ವರ್ಷ ಕ್ಲಿನಿಕ್‌ನಲ್ಲಿ ಜನರ ಒಡವೆ ಬಿಚ್ಚಿಸಿ ಎಕ್ಸ್‌ರೇಗೆ ಕಳಿಸಿದ್ದೇನೆ, ಒಂದು ಮೂಗುಬೊಟ್ಟು ಹೆಚ್ಚುಕಮ್ಮಿ ಆಗಿಲ್ಲ, ಈ ತಿಂಗಳಿಗೆ ನಿಮ್ಮ ಜೊತೆ ಖಲಾಸ್, ಬೇರೆ ರೂಮು ನೋಡ್ತೇನೆ ಅಂದರು.

ನಾನು ಪಕ್ಕದಲ್ಲೇ ಮ್ಯಾಗಿ ತಿನ್ನುತ್ತಿದ್ದೆ. ಬಟ್ಟಲು ಎತ್ತಿಕೊಂಡು ರೂಮಿಗೆ ಹೋದೆ. ಬಂದ ಹೊಸತರಲ್ಲಿ ನಾನು ತಪ್ಪು ಬಸ್ ಹತ್ತಿ ಫರ್ವಾನಿಯಾದಲ್ಲಿ ಅಳುತ್ತಾ ನಿಂತಾಗ ಡ್ಯೂಟಿ ಬಿಟ್ಟು ಬಂದು ಕರೆದುಕೊಂಡು ಹೋದದ್ದು ಅವರೇ. ಮೂರು ದಿನ ಅವರ ಮುಖ ನೋಡಲಿಕ್ಕಾಗದೆ ಅಡುಗೆಮನೆಗೇ ಹೋಗಿಲ್ಲ ನಾನು.

ಇವತ್ತು ಹಸೀಬಾ ಕಾಲೇಜಿಗೆ ಬಂದಳು. ನನ್ನ ಪಕ್ಕ ಕೂರುವವಳು, ಎರಡು ದಿನ ಜ್ವರ ಅವಳಿಗೆ. ನೋಟು ಮಡಚಿಹೋದೀತು ಅಂತ ತನ್ನ ಪುಸ್ತಕದೊಳಗೆ ಇಟ್ಟುಕೊಂಡಿದ್ದಳಂತೆ. ಮಾರಾಯ್ತಿ, ಒಂದು ಮೆಸೇಜ್ ಹಾಕಬಾರದಿತ್ತಾ ಅಂತ ನನಗೇ ಬೈದಳು. ನಾನು ಯಾರನ್ನೂ ಕೇಳಿರಲಿಲ್ಲ. ಕೇಳಿದರೆ ಕಳ್ಳರು ಅಂದ ಹಾಗೆ ಆಗುತ್ತದಲ್ಲ ಅಂತ ಹೆದರಿಕೆ.

ಬಸ್ಸಿನಲ್ಲಿ ಬ್ಯಾಗು ತಬ್ಬಿಕೊಂಡು ನಿದ್ದೆ ಹೋಗಿ ಎರಡು ಸ್ಟಾಪ್ ಮುಂದೆ ಇಳಿದೆ. ಮನೆಗೆ ಬಂದು ಒಂಬತ್ತು ನೀರುದೋಸೆ ತಿಂದೆ. ಅಮ್ಮ ಹಣೆ ಮುಟ್ಟಿ ನೋಡಿದರು. ಆಮೇಲೆ ಆಂಟಿಯ ಬಾಗಿಲು ತಟ್ಟಿ ಎಲ್ಲ ಹೇಳಿದೆ. ಕಿವಿ ಹಿಂಡಿದರು, ನಿಜವಾಗಿ ನೋಯುವ ಹಾಗೆ. ಅದೇ ಕೈಯಲ್ಲಿ ಚಾಕಲೇಟ್ ಕೊಟ್ಟರು. ರೂಮು ಬಿಡಬೇಡಿ ಅಂದದ್ದಕ್ಕೆ ಮಾತ್ರ, ನೀನು ಹೇಳಿದ್ದು ಆಯ್ತು ಮಗಾ, ಕೇಳಿದವರು ಬಂದು ಮಾತಾಡ್ಲಿ, ಮತ್ತೆ ನೋಡುವ ಅಂದರು.

ಹಾಗಾಗಿ ಪಪ್ಪ, ನಾಳೆ ಡ್ಯೂಟಿ ಮುಗಿಸಿ ಬಂದವರೇ ಒಮ್ಮೆ ಅವರ ಬಾಗಿಲು ತಟ್ಟಿ. ನಾನೂ ಜೊತೆಗೆ ನಿಲ್ಲುತ್ತೇನೆ. ತಪ್ಪಾಯ್ತು ಅನ್ನುವುದು ನಿಮಗೆ ಕಷ್ಟ ಅಂತ ಗೊತ್ತು. ನನಗೂ ಮೂರು ದಿನ ಬೇಕಾಯಿತು.

ನಿಮ್ಮ ಮಗಳು,
ಅಪೇಕ್ಷಾ

ಮರೆತ ಮಾತು: ನೋಟಿನ ಹಿಂದೆ ಮಡಚಿಟ್ಟ ನಿಮ್ಮ ಆಫೀಸಿನ ಕಾಗದ ನನ್ನ ಹತ್ತಿರವೇ ಇತ್ತು, ಕ್ಲಾಸಿಗೆ ಒಯ್ದಿರಲಿಲ್ಲ. ಓದಿದೆ. ನಿಮ್ಮ ಮುಖ ಬಿಳಿಚಿದ್ದು ಯಾಕೆ ಅಂತ ಆಮೇಲೆ ಅರ್ಥ ಆಯಿತು. ಆಸ್ಟ್ರೇಲಿಯಾ ಡಾಲರಿನ ಕಟ್ಟಿನಲ್ಲಿ ಸೇರಿಬಂದ ಟೋಂಗಾ ನೋಟಿಗೂ ಡಾಲರಿನ ರೇಟೇ ಕೊಟ್ಟದ್ದಕ್ಕೆ ನಿಮಗೆ ಎಚ್ಚರಿಕೆ, ಡಿಸೆಂಬರ್ ರಜೆ ರದ್ದು. ೨೦೧೮. ಆ ಡಿಸೆಂಬರಿನಲ್ಲಿ ನನ್ನ ಸ್ಕೂಲ್ ಡೇ ಇತ್ತು. ನಾನಿಲ್ಲದೆ ಆಫೀಸು ನಡೆಯುವುದಿಲ್ಲವಂತೆ ಮಗಳೇ ಅಂತ ನೀವು ಬರೆದಿದ್ದಿರಿ. ಎರಡನೇ ಸಾಲಿನಲ್ಲಿ ಕರ್ಚೀಫು ಹಾಕಿ ಹಿಡಿದಿಟ್ಟಿದ್ದ ಕುರ್ಚಿ ಕೊನೆವರೆಗೂ ಖಾಲಿ ಇತ್ತು. ಆ ಸಿಟ್ಟು ಏಳು ವರ್ಷ ಇತ್ತು ಪಪ್ಪ, ಈಗ ಇಲ್ಲ. ನೋಟು, ಕಾಗದ ಎರಡನ್ನೂ ಮೊದಲಿನ ಹಾಗೇ ಗಾಜಿನ ಕೆಳಗೆ ಇಟ್ಟಿದ್ದೇನೆ, ಅಮ್ಮ ನೋಡಿಲ್ಲ. ಮೊದಲ ಟೆಸ್ಟಿನಲ್ಲಿ ನನಗೆ ಇಪ್ಪತ್ತಕ್ಕೆ ಏಳು ಬಂದದ್ದನ್ನೂ ಅಮ್ಮ ನೋಡಿಲ್ಲ. ಈ ಪತ್ರವನ್ನು ನಾಳೆಯ ಟಿಫಿನ್ನಿನಲ್ಲಿ ಚಪಾತಿ ಡಬ್ಬಿಯ ಕೆಳಗೆ ಇಡುತ್ತೇನೆ. ಖಾಲಿ ಡಬ್ಬಿಯಲ್ಲಿ ಉತ್ತರ ಹಾಕಿ ತನ್ನಿ, ನಾಳೆಯೇ.